ಮಗುವಿಗೆ ಮೊದಲ ತುತ್ತು: ಯಾವುದು ಬೇಡ, ಎಲ್ಲಿಯವರೆಗೆ ಬೇಡ

ಆರು ತಿಂಗಳ ಮಗುವಿಗೆ ಏನು ಕೊಡಬಾರದು ಅಂತ ಕೇಳಿದರೆ ಎಲ್ಲರ ಹತ್ತಿರವೂ ಒಂದು ಪಟ್ಟಿ ಇರುತ್ತದೆ. ಅಜ್ಜಿಯದು ಒಂದು, ಪಕ್ಕದ ಮನೆಯವರದು ಇನ್ನೊಂದು, ಮೊಬೈಲಿಗೆ ಬಂದದ್ದು ಮತ್ತೊಂದು. ಆದರೂ ತಪ್ಪು ಆಗುತ್ತಲೇ ಇದೆ. ಮೊಟ್ಟೆ, ಬಾಳೆಹಣ್ಣು, ಮೊಸರು ನಿಲ್ಲಿಸಿರುತ್ತಾರೆ. ಅದೇ ಮನೆಯಲ್ಲಿ ಬಜೆ ತೇಯ್ದು ಜೇನುತುಪ್ಪದ ಜೊತೆ ನೆಕ್ಕಿಸುತ್ತಾರೆ, ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡುತ್ತಾರೆ. ಬೇಕಾದ್ದಕ್ಕೆ ತಡೆ, ಬೇಡದ್ದಕ್ಕೆ ದಾರಿ.

ಕಾರಣ ಬಿಟ್ಟು ಪಟ್ಟಿಯನ್ನಷ್ಟೇ ನೆನಪಿಟ್ಟರೆ ಹೀಗಾಗುತ್ತದೆ. ಜೇನುತುಪ್ಪ ಬೇಡ ಅನ್ನುವುದು ಅದರಲ್ಲಿರುವ ಜೀವಾಣುವಿನ ಕಾರಣಕ್ಕೆ. ಹಾಗಾಗಿ ಒಂದು ಹನಿಯೂ ಬೇಡ. ಕಡಲೆಕಾಯಿ ಬೀಜ ಬೇಡ ಅನ್ನುವುದು ಅದರ ಗಾತ್ರದ ಕಾರಣಕ್ಕೆ. ನುಣ್ಣಗೆ ಅರೆದರೆ ಅದೇ ಬೀಜ ಒಳ್ಳೆಯ ಆಹಾರ. ಉಪ್ಪಿನದು ಪ್ರಮಾಣದ ಮಾತು. ಹಸುವಿನ ಹಾಲು ಬೇಡ ಅನ್ನುವುದು ಬಟ್ಟಲು ತುಂಬಾ ಕುಡಿಸುವುದಕ್ಕೆ, ಒಂದು ಚಮಚ ಮೊಸರಿಗಲ್ಲ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

ಶುರು ಮಾಡುವ ಮೊದಲು ಬೇಕಾದ ಸಾಮಾನು

ಒಂದು ಸಣ್ಣ ಸ್ಟೀಲ್ ಬಟ್ಟಲು, ಅಂಚು ಮೊಂಡಾದ ಪುಟ್ಟ ಚಮಚ, ಸಣ್ಣ ಕಣ್ಣಿನ ಜರಡಿ, ಕುದಿಸಿ ಆರಿಸಿದ ನೀರಿಗೆ ಮುಚ್ಚಳದ ಪಾತ್ರೆ. ಜೊತೆಗೆ ಒಂದು ನೋಟ್ ಪುಸ್ತಕ. ಯಾವ ದಿನ ಯಾವ ಹೊಸ ಆಹಾರ ಕೊಟ್ಟಿರಿ ಅಂತ ಅದರಲ್ಲಿ ಬರೆಯಬೇಕು. ಈ ಪುಸ್ತಕವನ್ನು ಬಹಳ ಜನ ಬೇಡ ಅನ್ನುತ್ತಾರೆ. ಮೈಮೇಲೆ ದದ್ದು ಎದ್ದ ದಿನ ಎಲ್ಲರೂ ಅದನ್ನೇ ಹುಡುಕುತ್ತಾರೆ.

ರಾಗಿ ಸರಿ (ಹಿಟ್ಟಿನ ಗಂಜಿ) ಕುಡಿಸಲು ಒಳಲೆ (ಮೂತಿಯಿರುವ ಪುಟ್ಟ ಬಟ್ಟಲು) ಮತ್ತು ಹಾಲಿನ ಬಾಟಲಿ ಬೇಡ. ಒಳಲೆ ಏಕೆ ಬೇಡ ಅಂತ ಹಂತ 5ರಲ್ಲಿ ಹೇಳುತ್ತೇನೆ.

ಹಂತ 1: ದಿನವನ್ನೂ ನೋಡಿ, ಮಗುವನ್ನೂ ನೋಡಿ

ಆರು ತಿಂಗಳು, ಅಂದರೆ 180 ದಿನ ತುಂಬುವವರೆಗೆ ತಾಯಿ ಹಾಲು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಅಲ್ಲಿಯವರೆಗೆ ನೀರು, ಗ್ರೈಪ್ ವಾಟರ್, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಜಾಕಾಯಿ ಯಾವುದೂ ಬೇಡ. ಜಾಕಾಯಿ ಜಾಸ್ತಿಯಾದರೆ ವಿಷವೇ. ತೇಯುವ ಕಲ್ಲಿನಿಂದ ಹೊಟ್ಟೆಗೆ ಹೋಗುವ ಕೊಳೆಯೂ ಸಣ್ಣದಲ್ಲ.

ಮಗು ಒರಗಿಸಿದಾಗ ಕೂರಬೇಕು, ಕತ್ತು ನೆಟ್ಟಗೆ ನಿಲ್ಲಬೇಕು, ನೀವು ತಿನ್ನುವಾಗ ಕೈ ಚಾಚಬೇಕು. ಚಮಚ ಇಟ್ಟ ಕೂಡಲೇ ನಾಲಿಗೆಯಿಂದ ಹೊರಕ್ಕೆ ತಳ್ಳುವುದು ಕಡಿಮೆಯಾಗಿರಬೇಕು. ಐದನೇ ತಿಂಗಳಲ್ಲೇ ಶುರು ಮಾಡುವ ಆತುರ ಬೇಡ. ಏಳು, ಎಂಟು ತಿಂಗಳವರೆಗೆ ಕಾಯುವುದೂ ತಪ್ಪು. ಆರು ತಿಂಗಳ ನಂತರ ತಾಯಿ ಹಾಲೊಂದರಿಂದ ಸಿಗುವ ಕಬ್ಬಿಣದ ಅಂಶ ಮಗುವಿಗೆ ಸಾಲುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಶುರು ಮಾಡುವ ದಿನವನ್ನು ಡಾಕ್ಟರ್ ಹತ್ತಿರ ಕೇಳಿ.

ಹಂತ 2: ಜೇನುತುಪ್ಪವನ್ನು ಮೊದಲು ದೂರ ಇಡಿ

ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ. ಅಂಗಡಿಯದು, ಕೊಡಗಿನಿಂದ ತಂದದ್ದು, ಹೆಜ್ಜೇನು, ತುಡುವೆ ಜೇನು ಎಲ್ಲದಕ್ಕೂ ಇದೇ ಮಾತು. ಶುದ್ಧವೋ ಕಲಬೆರಕೆಯೋ ಅನ್ನುವುದು ಇಲ್ಲಿ ಮುಖ್ಯವಲ್ಲ. ಜೇನುತುಪ್ಪದಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ. ಕೂಸಿನ ಕರುಳು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಮೊಳೆತು ವಿಷ ಬಿಡುತ್ತವೆ. ಆ ವಿಷ ನರಗಳನ್ನು ಹಿಡಿಯುತ್ತದೆ.

ಬಿಸಿ ಮಾಡಿದರೆ ಸರಿಹೋಗುತ್ತದೆ ಅಂತ ತಿಳಿಯಬೇಡಿ. ಮನೆಯಲ್ಲಿ ಕುದಿಸಿದರೆ ಈ ಬೀಜಕಣಗಳು ಸಾಯುವುದಿಲ್ಲ.

ಎಲ್ಲರೂ ಎಡವುವುದು ಗೊತ್ತಿಲ್ಲದೆ ಬರುವ ಜೇನಿನಲ್ಲಿ. ಮಾತು ಬೇಗ ಬರಲಿ ಅಂತ ಬಜೆ ಜೊತೆ ನೆಕ್ಕಿಸುವುದು. ಹುಟ್ಟಿದ ದಿನ ಚಿನ್ನ ತೇಯ್ದು ನಾಲಿಗೆಗೆ ಸವರುವುದು. ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಬಿಂದು ಹನಿಯಲ್ಲೂ ಸಾಮಾನ್ಯವಾಗಿ ಜೇನುತುಪ್ಪ, ತುಪ್ಪ ಇರುತ್ತದೆ. ಏನೇನು ಹಾಕಿದ್ದಾರೆ ಅಂತ ಕೇಳಿ, ಜೇನು ಇದೆ ಅಂದರೆ ವರ್ಷ ತುಂಬಿದ ಮೇಲೆ ನೋಡೋಣ ಅನ್ನಿ. ಶೀತಕ್ಕೆ ತುಳಸಿ ರಸ ಕೊಡುವವರೂ ಅದಕ್ಕೆ ಜೇನು ಬೆರೆಸುತ್ತಾರೆ, ಗಮನವಿರಲಿ.

ಈಗಾಗಲೇ ನೆಕ್ಕಿಸಿದ್ದರೆ ಗಾಬರಿ ಬೇಡ, ಆದರೆ ಕೆಲವು ವಾರ ಮಗುವಿನ ಮೇಲೆ ಕಣ್ಣಿಡಿ. ಮೊದಲ ಗುರುತು ಹೆಚ್ಚಾಗಿ ಮಲಬದ್ಧತೆ. ಆಮೇಲೆ ಅಳುವಿನ ಸದ್ದು ಕ್ಷೀಣವಾಗುತ್ತದೆ, ಹಾಲು ಚೀಪಲು ಬಲ ಇರುವುದಿಲ್ಲ, ರೆಪ್ಪೆ ಜೋಲುತ್ತದೆ, ಕತ್ತು ಮತ್ತೆ ಸೋಲುತ್ತದೆ. ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಜೇನು ಕೊಟ್ಟಿದ್ದನ್ನು ಮುಚ್ಚಿಡದೆ ಹೇಳಿ.

ಹಂತ 3: ಉಪ್ಪು, ಸಕ್ಕರೆ, ಬೆಲ್ಲ ಹಾಕುವ ಮೊದಲೇ ಮಗುವಿನ ಪಾಲು ತೆಗೆಯಿರಿ

ವರ್ಷದೊಳಗಿನ ಮಗುವಿಗೆ ದಿನಕ್ಕೆ 1 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಟೀ ಚಮಚದ ಆರನೇ ಒಂದು ಪಾಲೂ ಇಲ್ಲ. ತಾಯಿ ಹಾಲಿನಲ್ಲಿ, ಬೇಳೆ ತರಕಾರಿಗಳಲ್ಲಿ ಇರುವುದೇ ಹೆಚ್ಚುಕಡಿಮೆ ಅಷ್ಟಾಗುತ್ತದೆ. "ಸಪ್ಪೆ ಹೇಗೆ ತಿನ್ನುತ್ತೆ ಪಾಪ" ಅನ್ನುವುದು ನಮ್ಮ ನಾಲಿಗೆಯ ಮಾತು. ಮಗುವಿನ ನಾಲಿಗೆಗೆ ಇನ್ನೂ ಉಪ್ಪಿನ ಅಭ್ಯಾಸವೇ ಆಗಿಲ್ಲ, ಅಲ್ವಾ?

ಮಾಡುವ ರೀತಿ ಸುಲಭ. ಬೇಳೆ, ತರಕಾರಿ ಬೆಂದ ಕೂಡಲೇ ಎರಡು ಸೌಟು ತೆಗೆದಿಟ್ಟು, ಆಮೇಲೆ ಮನೆಯವರ ಸಾರಿಗೆ ಉಪ್ಪು, ಹುಳಿ, ಖಾರ ಹಾಕಿ. ಇಡ್ಲಿ ಹಿಟ್ಟಿಗೂ ಉಪ್ಪು ಬೆರೆಸುವ ಮುಂಚೆ ಒಂದು ಬಟ್ಟಲು ಬೇರೆ ಮಾಡಿ. ಉಪ್ಪು ಬೆರೆತ ಮೇಲೆ ತೊಳೆದು ತೆಗೆಯಲು ಆಗುವುದಿಲ್ಲ. ಈ ಕ್ರಮ ಮರೆತೇ ಬಹಳ ಮನೆಗಳಲ್ಲಿ ಮಗು ದೊಡ್ಡವರ ಸಾರನ್ನವನ್ನು ನೀರು ಹಾಕಿಸಿಕೊಂಡು ತಿನ್ನುತ್ತದೆ. ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ರಸ, ಬ್ರೆಡ್, ಚೀಸ್, ಪ್ಯಾಕೆಟ್ ನೂಡಲ್ಸ್ ಇವೆಲ್ಲ ಉಪ್ಪಿನ ಲೆಕ್ಕಕ್ಕೇ ಸೇರುತ್ತವೆ.

ಸಕ್ಕರೆ ಎರಡು ವರ್ಷದವರೆಗೆ ಬೇಡ. ಬೆಲ್ಲ, ಕಲ್ಲುಸಕ್ಕರೆ, ತಾಳೆ ಬೆಲ್ಲವೂ ಸಕ್ಕರೆಯೇ. ಕಲ್ಲುಸಕ್ಕರೆ ತಂಪು, ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ಹೇಳುತ್ತಾರೆ. ಸರಿಗೆ ಹಾಕುವ ಚೂರು ಬೆಲ್ಲದಲ್ಲಿ ಸಿಗುವ ಕಬ್ಬಿಣ ಲೆಕ್ಕಕ್ಕೆ ಬರುವಷ್ಟಿಲ್ಲ. ಸಿಹಿಯ ಚಟ ಮಾತ್ರ ಹತ್ತುತ್ತದೆ, ಬರುವ ಹಲ್ಲಿಗೂ ಕೆಡುಕು. ರಾಗಿ ಸರಿಗೆ ಸಿಹಿ ಬೇಕೆನಿಸಿದರೆ ಕಿವುಚಿದ ಏಲಕ್ಕಿ ಬಾಳೆಹಣ್ಣು ಬೆರೆಸಿ. ಅನ್ನಪ್ರಾಶನವನ್ನು ಬಿಡಬೇಕಿಲ್ಲ. ಪಾಯಸದ ಬದಲು ಮೆತ್ತಗೆ ಬೇಯಿಸಿದ ಅನ್ನಕ್ಕೆ ಬಾಳೆಹಣ್ಣು, ಒಂದು ಹನಿ ತುಪ್ಪ ಹಾಕಿ ಕೊಟ್ಟರೂ ಶಾಸ್ತ್ರ ಆಗುತ್ತದೆ.

ಅಂಗಡಿಯ ಡಬ್ಬದ ಆಹಾರ ಕೊಳ್ಳುವುದಾದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಮೊದಲ ಮೂರು ನಾಲ್ಕು ಹೆಸರಲ್ಲಿ ಸಕ್ಕರೆ, ಸುಕ್ರೋಸ್, ಗ್ಲೂಕೋಸ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್ ಇದ್ದರೆ ವಾಪಸ್ ಇಡಿ. ಎರಡು ವರ್ಷದೊಳಗಿನ ಮಕ್ಕಳ ಡಬ್ಬದ ಆಹಾರಕ್ಕೆ ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾನೂನೇ ತಡೆಯುತ್ತದೆ. 1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಕಾನೂನು ಅದು.

ಹಂತ 4: ಹೊಟ್ಟೆ ತುಂಬಿಸಿ, ಬಲ ಕೊಡದ ಪಾನೀಯಗಳನ್ನು ನಿಲ್ಲಿಸಿ

ಮಗುವಿನ ಹೊಟ್ಟೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಎಂ.ಎಲ್. 7 ಕಿಲೋ ಮಗುವಿಗೆ ಒಂದು ಲೋಟದಷ್ಟೇ. ಅದನ್ನು ಬೇಳೆ ಕಟ್ಟು, ಗಂಜಿ ತಿಳಿಯಿಂದ ತುಂಬಿಸಿದರೆ ಊಟಕ್ಕೆ ಜಾಗ ಎಲ್ಲಿ? ತಿಳಿಯಲ್ಲಿ ಸತ್ವ ಇಳಿದಿರುತ್ತದೆ ಅನ್ನುವುದು ತಪ್ಪು. ಸತ್ವ ಇರುವುದು ಕೆಳಗಿನ ಗಟ್ಟಿಯಲ್ಲಿ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ನಿಧಾನಕ್ಕೆ ಜಾರಬೇಕು. ಆ ಹದ ಇರಲಿ.

ಹಸುವಿನ ಹಾಲು, ಎಮ್ಮೆ ಹಾಲು ಕುಡಿಯಲು ಬೇಡ, ವರ್ಷ ತುಂಬುವವರೆಗೆ. ಅದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಕೆಲವು ಮಕ್ಕಳಿಗೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ಹೀಗೆ ರಕ್ತಹೀನತೆ ಬರುತ್ತದೆ. ಅದರ ಪ್ರೋಟೀನು, ಲವಣಗಳು ಎಳೆಯ ಮೂತ್ರಪಿಂಡಕ್ಕೆ ಭಾರ. ನೀರು ಬೆರೆಸಿ ಕೊಟ್ಟರೆ ಸರಿ ಅನ್ನುತ್ತಾರೆ. ನೀರು ಬೆರೆಸಿದರೆ ಬಲ ಕಡಿಮೆಯಾಗುತ್ತದೆಯೇ ಹೊರತು ಕಬ್ಬಿಣ ಹೆಚ್ಚಾಗುವುದಿಲ್ಲ. ಉಪ್ಪಿಲ್ಲದ ಮೊಸರನ್ನ ಆರು ತಿಂಗಳ ನಂತರ ಕೊಡಬಹುದು. ಕಾಸದ ಹಾಲು ಯಾವ ವಯಸ್ಸಿಗೂ ಬೇಡ.

ಟೀ, ಕಾಫಿ ಒಂದು ಗುಟುಕೂ ಬೇಡ. ಟೀಯಲ್ಲಿರುವ ಟ್ಯಾನಿನ್ ಊಟದ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಹಣ್ಣಿನ ರಸವೂ ವರ್ಷದೊಳಗೆ ಬೇಡ, ಮನೆಯಲ್ಲಿ ಹಿಂಡಿದ್ದಾದರೂ ಸರಿ. ಹಣ್ಣನ್ನೇ ಕಿವುಚಿ ಕೊಡಿ.

ಕಬ್ಬಿಣದ ಮಾತು ಬಂತು, ಇದನ್ನೂ ಕೇಳಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ 2 ಸಲ 1 ಎಂ.ಎಲ್. ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಹಂತ 5: ಗಂಟಲಿಗೆ ಸಿಕ್ಕುವ ಆಹಾರ, ತಿನ್ನಿಸುವ ರೀತಿ

ಎಲ್ಲಕ್ಕಿಂತ ಬೇಗ ಪ್ರಾಣಕ್ಕೆ ಬರುವುದು ಇದು. ಇಲ್ಲಿ ತಪ್ಪು ಮಾಡಿದರೆ ಯೋಚಿಸಲು ಸಮಯ ಸಿಗುವುದಿಲ್ಲ. ಹಾಗಾಗಿ ನಿಧಾನವಾಗಿ ಓದಿ.

ದುಂಡಗೆ, ಗಟ್ಟಿಯಾಗಿ, ಜಾರುವಂತಿರುವುದು ಯಾವುದೂ ಬೇಡ. ಕಡಲೆಕಾಯಿ ಬೀಜ, ಹುರಿಗಡಲೆ, ಗೋಡಂಬಿ, ಬಾದಾಮಿ, ಕಡಲೆಪುರಿ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಕೊಬ್ಬರಿ ಚೂರು, ಹಸಿ ಕ್ಯಾರೆಟ್, ಸೇಬಿನ ಹೋಳು, ಚಕ್ಕುಲಿ, ಕೋಡುಬಳೆ, ಪೆಪ್ಪರ್‌ಮೆಂಟು, ಸೀತಾಫಲದ ಬೀಜ. ಇಡೀ ಬೀಜಗಳನ್ನು ಐದು ವರ್ಷದವರೆಗೂ ಕೊಡದಿರುವುದು ಒಳ್ಳೆಯದು. ಮುಂದಿನ ಹಲ್ಲು ಬಂದಿದೆ, ಕಚ್ಚುತ್ತದೆ ಅಂತ ನಂಬಬೇಡಿ. ಮುಂದಿನ ಹಲ್ಲು ತುಂಡು ಮಾಡುತ್ತದೆ ಅಷ್ಟೇ, ಅರೆಯುವುದು ದವಡೆ ಹಲ್ಲು. ಅದು ಬರಲು ಇನ್ನೂ ಕಾಲವಿದೆ.

ಸಂಕ್ರಾಂತಿಯ ದಿನ ಜಾಸ್ತಿ ಎಚ್ಚರ ಬೇಕು. ಎಳ್ಳುಬೆಲ್ಲದ ಒಂದು ಪೊಟ್ಟಣದಲ್ಲೇ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲದ ಅಚ್ಚು ನಾಲ್ಕೂ ಇರುತ್ತವೆ. ಮಗುವಿಗೆ ಎಳಚಿ ಹಣ್ಣು ಎರೆಯುವ ಮನೆಗಳಲ್ಲಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ನೆಲದ ಮೇಲೆಲ್ಲ ಉರುಳುತ್ತವೆ. ಅಂಬೆಗಾಲಿಡುವ ಮಗು ನೆಲದಲ್ಲಿ ಕಂಡದ್ದನ್ನು ಬಾಯಿಗೇ ಹಾಕುತ್ತದೆ. ಎರೆದ ಕೂಡಲೇ ಮಗುವನ್ನು ಎತ್ತಿಕೊಳ್ಳಿ, ನೆಲ ಗುಡಿಸುವವರೆಗೆ ಕೆಳಗೆ ಬಿಡಬೇಡಿ.

ಕೊಡಬಹುದೋ ಇಲ್ಲವೋ ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಒತ್ತಿ. ಸುಲಭವಾಗಿ ನುಣ್ಣಗಾದರೆ ಸರಿ. ಬೆಂದ ಕ್ಯಾರೆಟ್ ಪಾಸಾಗುತ್ತದೆ, ಹಸಿಯದು ಆಗುವುದಿಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಬೇಕು, ಅಡ್ಡಕ್ಕೆ ಕತ್ತರಿಸಿದರೆ ಮತ್ತೆ ದುಂಡು ಬಿಲ್ಲೆಯೇ. ಕರಾವಳಿಯ ಮನೆಗಳಲ್ಲಿ ಬೂತಾಯಿ, ಬಂಗುಡೆ ಕೊಡುವಾಗ ಮುಳ್ಳನ್ನು ಕಣ್ಣಲ್ಲಿ ನೋಡಿ ಬಿಟ್ಟರೆ ಸಾಲದು, ಬೆರಳಲ್ಲಿ ಕಿವುಚಿ ತೆಗೆಯಿರಿ. ಶಾರ್ಕ್‌ನಂಥ ದೊಡ್ಡ ಬೇಟೆ ಮೀನು ಬೇಡ, ಅದರಲ್ಲಿ ಪಾದರಸ ಸೇರಿಕೊಂಡಿರುತ್ತದೆ.

ಇನ್ನು ಒಳಲೆ. ಕಾಲ ಮೇಲೆ ಮಲಗಿಸಿ, ಕೈ ಹಿಡಿದು, ಅಳುವಾಗ ಬಾಯಿ ತೆರೆದದ್ದೇ ಸಮಯ ಅಂತ ಸರಿ ಸುರಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಇದನ್ನು ನಿಲ್ಲಿಸಿ. ಅಳುವಾಗ ಮಗು ಉಸಿರನ್ನು ಒಳಗೆಳೆಯುತ್ತದೆ, ಸರಿಯೂ ಶ್ವಾಸಕೋಶಕ್ಕೆ ಹೋಗುತ್ತದೆ. ಹರಳೆಣ್ಣೆ ಕುಡಿಸುವಾಗ, ಮೂಗಿಗೆ ಎಣ್ಣೆ ಬಿಡುವಾಗಲೂ ಅದೇ ಅಪಾಯ. ಎಣ್ಣೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗಬಹುದು. ಮಗುವನ್ನು ನೆಟ್ಟಗೆ ಕೂರಿಸಿ, ಎದುರು ಕುಳಿತು, ಚಮಚವನ್ನು ತುಟಿಯ ಹತ್ತಿರ ಹಿಡಿಯಿರಿ. ಮಗು ತಾನೇ ಮುಂದೆ ಬರಲಿ. ಮುಖ ತಿರುಗಿಸಿದರೆ ಅಲ್ಲಿಗೆ ಊಟ ಮುಗಿಯಿತು.

ಹಂತ 6: ಸುಮ್ನೆ ತಡೆದಿದ್ದನ್ನು ಒಂದೊಂದಾಗಿ ಕೊಡಿ

ಮೊಟ್ಟೆ, ಕಡಲೆಕಾಯಿ, ಗೋಧಿ, ಮೀನು ಅಲರ್ಜಿ ತರಬಹುದು ಅಂತ ವರ್ಷಗಟ್ಟಲೆ ತಡೆಯುವ ಪದ್ಧತಿ ಹಿಂದೆ ಇತ್ತು. ಈಗಿನ ತಿಳುವಳಿಕೆ ಬೇರೆ. 2015ರಲ್ಲಿ ಲಂಡನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ ಮಕ್ಕಳಿಗೆ ವರ್ಷದೊಳಗೇ ಕಡಲೆಕಾಯಿ ಆಹಾರ ಶುರು ಮಾಡಿ ಮುಂದುವರಿಸಿದಾಗ, ಐದನೇ ವಯಸ್ಸಿಗೆ ಕಡಲೆಕಾಯಿ ಅಲರ್ಜಿ ಶೇ 80ರಷ್ಟು ಕಡಿಮೆ ಕಂಡಿತು. ಹುರಿದ ಬೀಜವನ್ನು ನುಣ್ಣಗೆ ಅರೆದು, ನೀರಾಗಿ ಮಾಡಿ, ಸರಿಯಲ್ಲಿ ಬೆರೆಸಬೇಕು. ಮೊದಲ ದಿನ ಚಮಚದ ತುದಿಯಷ್ಟೇ. ಮೊಟ್ಟೆ ಪೂರ್ತಿ ಗಟ್ಟಿಯಾಗಿ ಬೆಂದಿರಲಿ. ಮಗುವಿಗೆ ಜೋರು ಇಸುಬು ಇದ್ದರೆ ಅಥವಾ ಈಗಾಗಲೇ ಯಾವುದಾದರೂ ಅಲರ್ಜಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಹೊಸದನ್ನು ಬೆಳಗಿನ ಹೊತ್ತು ಕೊಡಿ, ಸಂಜೆ ಬೇಡ. ಏನಾದರೂ ಆದರೆ ಹಗಲಿನಲ್ಲಿ ಗೊತ್ತಾಗಲಿ. ಮೂರು ದಿನ ಅದೊಂದೇ ಹೊಸದು, ಆಮೇಲೆ ಮುಂದಿನದು.

ಈ ನಿಯಮ ಮುರಿಯುವುದು ರಾಗಿ ಸರಿ ಪುಡಿಯಿಂದ. ನನ್ನ ಮಗಳಿಗೆ ಮೊದಲ ಸಲ ಮಾಡಿದ ಪುಡಿಯಲ್ಲಿ ರಾಗಿ, ಗೋಧಿ, ಹೆಸರುಕಾಳು, ಬಾದಾಮಿ, ಗೋಡಂಬಿ, ಏಲಕ್ಕಿ ಎಲ್ಲ ಇತ್ತು. ನಾಲ್ಕನೇ ದಿನ ಬಾಯಿಯ ಸುತ್ತ ಕೆಂಪು ದದ್ದು ಎದ್ದಿತು. ಯಾವುದರಿಂದ ಅಂತ ಹೇಳುವವರು ಯಾರು? ಅಷ್ಟೂ ಪುಡಿ ಪಕ್ಕಕ್ಕಿಟ್ಟು, ಬರೀ ರಾಗಿಯಿಂದ ಮತ್ತೆ ಶುರು ಮಾಡಿದೆವು. ಒಂದೊಂದೇ ಸೇರಿಸುತ್ತ ಬಂದಾಗ ಗೋಡಂಬಿ ಅಂತ ಗೊತ್ತಾಗಲು ಐದು ವಾರ ಹಿಡಿಯಿತು. ಆದ್ದರಿಂದ ಮೊದಲು ರಾಗಿ ಮಾತ್ರ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ. ಎರಡು ವಾರಕ್ಕಾಗುವಷ್ಟೇ ಮಾಡಿ. ಮಳೆಗಾಲದಲ್ಲಿ ಬೂಷ್ಟು ವಾಸನೆ ಬಂದರೆ ಪೂರ್ತಿ ಎಸೆಯಿರಿ, ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸಬೇಡಿ.

ಬಾಳೆಹಣ್ಣಿನಿಂದ, ಮೊಸರಿನಿಂದ ಶೀತ ಬರುವುದಿಲ್ಲ. ಶೀತ ಬರುವುದು ವೈರಸ್‌ನಿಂದ.

ಹಂತ 7: ಮನೆಯವರಿಗೆಲ್ಲ ಒಂದೇ ಮಾತು ತಿಳಿಸಿ

ತಾಯಿ ಎಷ್ಟು ಪಾಲಿಸಿದರೂ ಮದುವೆ ಮನೆಯಲ್ಲಿ ಯಾರೋ ಒಬ್ಬರು ಲಾಡಿನ ಚೂರನ್ನು ಬಾಯಿಗಿಡುತ್ತಾರೆ. ಪ್ರೀತಿಯಿಂದಲೇ. ಜಗಳ ಬೇಡ. ಫ್ರಿಜ್ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ: ಜೇನು ಬೇಡ, ಇಡೀ ಬೀಜ ಬೇಡ, ಟೀ ಬೇಡ, ಮಲಗಿಸಿ ತಿನ್ನಿಸುವುದು ಬೇಡ. ಅತ್ತೆಗೋ ಅಮ್ಮನಿಗೋ ನೀವೇ ಹೇಳುವುದಕ್ಕಿಂತ, ಲಸಿಕೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಿಸಿ. ಕೈಗೆ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು. ಉಪ್ಪು ಹಾಕುವ ಮೊದಲು ಮಗುವಿನ ಪಾಲು ತೆಗೆಯುವ ಜವಾಬ್ದಾರಿ ಅಜ್ಜಿಗಿರಲಿ.

ಅಪಾಯದ ಗುರುತುಗಳು, ಆಗ ಮಾಡಬೇಕಾದ್ದು

ಮುಖ, ತುಟಿ ಊದಿಕೊಂಡರೆ, ಮೈಯೆಲ್ಲ ಗಂಧೆ ಎದ್ದರೆ, ತಿಂದ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮತ್ತೆ ವಾಂತಿಯಾದರೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಭೇದಿಯಾಗಿ ಮೂತ್ರ ಕಡಿಮೆಯಾದರೆ, ನೆತ್ತಿಯ ಮೆತ್ತನೆ ಭಾಗ ಗುಳಿ ಬಿದ್ದರೆ, ಮಗು ಮಂಕಾದರೆ ಓ.ಆರ್.ಎಸ್. ಕುಡಿಸುತ್ತಲೇ ಹೊರಡಿ. ತಾಯಿ ಹಾಲು ನಿಲ್ಲಿಸಬೇಡಿ.

ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. ಆಗ ಕೆಮ್ಮಲು ಬಿಡಿ. ಉಸಿರುಗಟ್ಟಿದ ಮಗುವಿಗೆ ಸದ್ದೇ ಬರುವುದಿಲ್ಲ. ಅಳಲು ಆಗುವುದಿಲ್ಲ, ತುಟಿ ನೀಲಿಯಾಗುತ್ತದೆ.

ವರ್ಷದೊಳಗಿನ ಮಗುವಾದರೆ ಹೀಗೆ ಮಾಡಿ:

1. ಒಬ್ಬರು 108ಕ್ಕೆ ಫೋನ್ ಮಾಡಲಿ. ನೀವು ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರಲಿ, ದವಡೆಯನ್ನು ಕೈಯಲ್ಲಿ ಹಿಡಿದಿರಿ. ಕತ್ತು ಹಿಚುಕಬೇಡಿ.

2. ಅಂಗೈ ಬುಡದಿಂದ ಎರಡು ಹೆಗಲಮೂಳೆಗಳ ನಡುವೆ 5 ಸಲ ಬಲವಾಗಿ ತಟ್ಟಿ.

3. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ಮಧ್ಯದ ಮೂಳೆಯ ಮೇಲೆ 5 ಸಲ ಒತ್ತಿ. ಹೊಟ್ಟೆಯನ್ನು ಒತ್ತಬೇಡಿ.

4. ಹೊರಗೆ ಬರುವವರೆಗೆ ಅಥವಾ ಮಗು ಅಳುವವರೆಗೆ ಈ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಮಗು ಪ್ರಜ್ಞೆ ತಪ್ಪಿದರೆ ಸಿ.ಪಿ.ಆರ್. (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ತರಬೇತಿ ಸಿಕ್ಕರೆ ಮನೆಯ ಒಬ್ಬರಾದರೂ ಕಲಿಯಿರಿ.

ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಕಾಲು ಹಿಡಿದು ತಲೆಕೆಳಗಾಗಿ ಜೋಲಾಡಿಸಬೇಡಿ. ನೀರು ಕುಡಿಸಬೇಡಿ.

ಕೆಲವೊಮ್ಮೆ ಕಡಲೆಕಾಯಿ ಚೂರು ಶ್ವಾಸನಾಳದ ಕವಲಿನಲ್ಲಿ ಹೋಗಿ ಕೂರುತ್ತದೆ. ಕೆಮ್ಮು ಒಂದು ಗಳಿಗೆ ಜೋರಾಗಿ ಬಂದು ನಿಲ್ಲುತ್ತದೆ, ಮಗು ಆಡುತ್ತದೆ, ಮನೆಯವರು ಮರೆಯುತ್ತಾರೆ. ವಾರದ ನಂತರ ಬಿಡದ ಕೆಮ್ಮು, ಒಂದೇ ಕಡೆಯ ಸಿಳ್ಳೆ ಉಸಿರು, ಮತ್ತೆ ಮತ್ತೆ ಜ್ವರ ಬರುತ್ತದೆ. ಔಷಧಿ ಕೊಟ್ಟರೂ ಹೋಗುವುದಿಲ್ಲ. ಅಂಥ ಕೆಮ್ಮಿಗೆ ಡಾಕ್ಟರ್ ಹತ್ತಿರ ಹೋದಾಗ, "ಅವತ್ತೊಂದು ದಿನ ಏನೋ ತಿನ್ನುವಾಗ ಕೆಮ್ಮಿತ್ತು" ಅನ್ನುವುದನ್ನು ಮರೆಯದೆ ಹೇಳಿ.